ಹಲಸಿನ ಹಣ್ಣಿನ ವಾಸನೆ

ಕೊಡಗಿನ ಕಾಡಂಚಿನ ಟೀ ಅಂಗಡಿ. ನಮ್ಮ ಕಾರಿನಿಂದ ಹಲಸಿನ ಹಣ್ಣಿನ ವಾಸನೆ ಮೂಗಿಗೆ ಬಡಿದದ್ದೇ, ಅಂಗಡಿಯಾಕೆ ಲೋಟ ಕೆಳಗಿಟ್ಟು ಓಡಿಬಂದಳು.

"ಸಾ, ಆ ಅಲಸಿನಣ್ಣ ಮೊದ್ಲು ಊತಾಕ್ಬುಡಿ. ಆನೆ ಬತ್ತದೆ."

ಮಾತು ನಮ್ಮ ಕಡೆಯದು. ಕೇಳಿದರೆ, ನಮ್ಮ ನಂಜನಗೂಡಿನ ಪಕ್ಕದ ಹೆಡತಲೆಯವಳೇ! ಗಂಡನ ಜೊತೆ ಕಾಫಿ ತೋಟದ ಕೂಲಿಗೆ ಬಂದವಳು. ಇಲ್ಲಿ ಆನೆಗೆ ಹೆದರಿ ಹಲಸನ್ನು ಕಾಯಿಯಲ್ಲೇ ಕೊಯ್ದು ಹೂಳುತ್ತಾರಂತೆ. ಅದು ತಿಳಿಯದೆ, ಬಂದ ಹೊಸದರಲ್ಲಿ ಒಂದನ್ನು ಮನೆಯೊಳಗೆ ಹಣ್ಣಿಗಿಟ್ಟಿದ್ದಳು. ನಸುಕಿನಲ್ಲಿ ಆನೆ ಬಂದು ಗೋಡೆ ಕೆಡವಿತು. ಗೋಡೆಯ ಪಕ್ಕ ಗಂಡ ಮಲಗಿದ್ದ.

ನಾನು ಗುಂಡಿ ತೋಡಿದೆ, ಅವಳೇ ಮಣ್ಣು ಮುಚ್ಚಿದಳು. ಕೈ ತೊಳೆಯುತ್ತಾ ಕೇಳಿದಳು: "ನಮ್ಮೂರ್ ಕಡೆ ಅಲಸಿನಣ್ಣ ಮನೆ ಒಳಗೇ ಅಲ್ವಾ ಸಾ ಮಡಗದು?"

"ಒಳಗೇ ಕಣಮ್ಮ" ಎಂದೆ.

"ನಮ್ಮನೆಯವ್ರಿಗೆ ಒಸಿ ಯೋಳಿ ಸಾ" ಎಂದು ರಸ್ತೆಯತ್ತ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.