ಮೂರು ಊರು ಸುತ್ತಿ ನೂರಕ್ಕನನ್ನು ಕಳೆದುಕೊಂಡದ್ದು

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ಒಂದು ಶುಕ್ರವಾರ ಬೆಳಿಗ್ಗೆ ನಾನೂ ನಮ್ಮ ಸವಿತಕ್ಕನೂ ಕಡೂರಿನಿಂದ ಕಡೂರಿಗೇ ಪ್ರಯಾಣ ಹೊರಟೆವು. ತಮಾಷೆಯಲ್ಲ. 'ಹೊಸ ಉದ್ಯಮಿಗಳ ಬೆಳವಣಿಗೆ ಯಾತ್ರೆ'ಯ ಮೊದಲ ದಿನ ನಮ್ಮೂರಿನ ಒಂದು ಸಮುದಾಯ ಭವನದಲ್ಲೇ ಇತ್ತು. ಎರಡನೆಯ ದಿನ ತರೀಕೆರೆ, ಮೂರನೆಯ ದಿನ ಅಜ್ಜಂಪುರ. ಫೀಸು ಕಟ್ಟಿದವರು ಜೊತೆಗೊಬ್ಬರನ್ನು ಪುಕ್ಕಟೆ ಕರೆತರಬಹುದು ಎಂದು ಬ್ಯಾನರಿನಲ್ಲಿ ಬರೆದಿತ್ತು. ಆ ಪುಕ್ಕಟೆಯೇ ನಾನು. ನನ್ನ ಉದ್ಯಮ ಮಿಮಿಕ್ರಿ. ಮದುವೆ ಮನೆಯ ಆರ್ಕೆಸ್ಟ್ರಾದಲ್ಲಿ ಎರಡು ಹಾಡುಗಳ ನಡುವೆ ಗಾಯಕಿ ನೀರು ಕುಡಿದು ಸೆರಗು ಸರಿಮಾಡಿಕೊಳ್ಳುವಷ್ಟು ಹೊತ್ತು ವೇದಿಕೆ ನನ್ನದು. ಅವಳಿಗೆ ಬಾಯಾರಿಕೆಯಾಗದಿದ್ದರೆ ಆ ದಿನ ನನಗೆ ವ್ಯಾಪಾರವಿಲ್ಲ.

ಅಕ್ಕನದು ನಿಜವಾದ ಉದ್ಯಮ. ಪೇಟೆ ಬೀದಿಯ ಹಿಂದೆ ಬಾಡಿಗೆ ಶೆಡ್ಡಿನಲ್ಲಿ ಮೋಟಾರಿನ ಮರದ ಗಾಣ. ನಮ್ಮ ಕಡೆಯ ಜನ ಮನೆಯ ಕೊಬ್ಬರಿಯನ್ನು ಚೀಲದಲ್ಲಿ ಹೊತ್ತು ತರುತ್ತಾರೆ, ಅರೆಸಿಕೊಂಡು ಎಣ್ಣೆಯನ್ನೂ ಹಿಂಡಿಯನ್ನೂ ತಾವೇ ಒಯ್ಯುತ್ತಾರೆ. ಗಾಣದವರಿಗೆ ಅರೆದ ಕೂಲಿ ಮಾತ್ರ. ಎಣ್ಣೆ ಇಳಿಯುವುದಕ್ಕೆ ಒಂದು ಗಂಟೆಯ ಮೇಲೆಯೇ ಬೇಕು. ಅಷ್ಟು ಹೊತ್ತೂ ಚೀಲ ತಂದವರು ಗಾಣದ ಎದುರಿನ ಬೆಂಚಿನಿಂದ ಏಳುವುದಿಲ್ಲ. ತಮ್ಮ ಕೊಬ್ಬರಿ ತಮ್ಮ ಕಣ್ಣೆದುರಿಗೇ ಎಣ್ಣೆಯಾಗಬೇಕು. ಎದ್ದು ಹೋದರೆ ಇನ್ನೊಬ್ಬರ ಕಮಟು ಕೊಬ್ಬರಿ ಜೊತೆ ಸೇರಿಸಿಬಿಡುತ್ತಾರೆ ಎಂಬ ಗುಮಾನಿ. ದೇವರೇ ಗಾಣ ಹಾಕಿದರೂ ಆ ಗುಮಾನಿ ಹೋಗದು.

ಆ ಒಂದು ಗಂಟೆ ನೂರಕ್ಕನದು. ಹೆಸರು ನೂರ್‌ಜಹಾನ್; ಶಾಲೆಯಲ್ಲಿ ನಮ್ಮಕ್ಕನ ಜೊತೆ ಒಂದೇ ಬೆಂಚಿನಲ್ಲಿ ಓದಿದವಳು, ಹಿಂದಿನ ಗಲ್ಲಿಯವಳು. ಪಾಲುದಾರಳು ಎನ್ನಲು ಕಾಗದವಿಲ್ಲ, ಕೂಲಿಯವಳು ಎನ್ನಲು ಬಾಯಿ ಬರುವುದಿಲ್ಲ. ಸಂಜೆ ಬಂದದ್ದನ್ನು ಇಬ್ಬರೂ ಹಂಚಿಕೊಳ್ಳುತ್ತಿದ್ದರು. ನೂರಕ್ಕ ಬೆಳಿಗ್ಗೆ ತಡವಾಗಿ ಬರುತ್ತಿದ್ದಳು, ಕಸ ಗುಡಿಸುವುದನ್ನು ಮರೆಯುತ್ತಿದ್ದಳು, ಚಿಲ್ಲರೆ ಲೆಕ್ಕದಲ್ಲಿ ಮುಗ್ಗರಿಸುತ್ತಿದ್ದಳು. ಆದರೆ ಕೋಲಿನಿಂದ ಕೊಬ್ಬರಿ ಕೆದಕುತ್ತ ಮಾತಿಗೆ ಕೂತರೆ ಬೆಂಚಿನ ಮೇಲಿದ್ದವರು ತಮ್ಮ ಚೀಲ ಮುಗಿದ ಮೇಲೂ ಏಳುತ್ತಿರಲಿಲ್ಲ. ಈ ಯಾತ್ರೆಗೆ ಅಕ್ಕನನ್ನು ನೂಕಿದ್ದೂ ಅವಳೇ. "ಹೋಗಿ ಕಲ್ಕೊಂಡ್ ಬಾರೇ ಸವಿ. ಮೂರ್ ದಿನ ಗಾಣ ನಾನ್ ನೋಡ್ಕೊಂತೀನಿ. ಲೇ ಮಧು, ಅಲ್ಲಿ ಮಾತಾಡೋರ್ ದನಿ ಚೆನ್ನಾಗಿ ಕೇಳಿಸ್ಕೋ. ಬಂದ್ಮೇಲೆ ನಂಗ್ ಮಾಡಿ ತೋರಿಸ್ಬೇಕು," ಎಂದಳು.

ಮಾತಾಡುವವರನ್ನು ಎಲ್ಲರೂ ಕೋಚ್ ಸರ್ ಎನ್ನುತ್ತಿದ್ದರು. ನೀಲಿ ಕೋಟು, ಕಿವಿಯಿಂದ ಕೆನ್ನೆಗೆ ಇಳಿದ ಮೈಕು, ಬಿಳಿ ಶೂ. ಪ್ರತಿ ಮಾತಿನ ಕೊನೆಯಲ್ಲಿ ದನಿಯನ್ನು ಅಟ್ಟಕ್ಕೇರಿಸಿ ಅಲ್ಲೇ ಬಿಟ್ಟುಬಿಡುತ್ತಿದ್ದರು. ಇಳಿಸಿಕೊಳ್ಳುವುದು ನಮ್ಮ ಕೆಲಸ. "ಫ್ರೆಂಡ್ಸ್, ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ಏನ್ ಹೇಳ್ತೀರಾ?" "ನಾನು ಬೆಳೆಯುತ್ತಿದ್ದೇನೆ!" ಎಂದು ಸಭೆ ಕೂಗಿತು. ನನ್ನ ಪಕ್ಕದಲ್ಲಿ ಲಿಂಗದಹಳ್ಳಿಯ ಕುಮಾರಣ್ಣ ಕೂತಿದ್ದರು. ಅಡಿಕೆ ಹಾಳೆಯ ತಟ್ಟೆ ಒತ್ತುವ ಮೆಷಿನ್ ಹಾಕಿದವರು, ಹೊಟ್ಟೆ ಸಾಕಷ್ಟು ಮುಂದೆ ಬಂದವರು. "ಬೆಳೀತಿರೋದು ಕನ್ನಡೀಲಿ ಕಾಣ್ತದೆ ಕಣಪ್ಪ, ಹೇಳೋದೇನ್ ಬಂತು," ಎಂದರು.

ಮೊದಲ ದಿನದ ಮಾತುಗಳನ್ನು ನಾನು ಹೀಗಳೆಯಲಾರೆ. ಸರಿಯಾಗಿ ನಿದ್ದೆ ಮಾಡಿ ಎಂದರು. ಮನೆಯ ಡಬ್ಬಿ ಬೇರೆ, ಅಂಗಡಿಯ ಡಬ್ಬಿ ಬೇರೆ ಇಡಿ ಎಂದರು. ಮನಸ್ಸು ಗಟ್ಟಿಯಾಗಿರುವ ಬೆಳಗಿನ ಹೊತ್ತಿನಲ್ಲಿ ಕಷ್ಟದ ಕೆಲಸ ಮುಗಿಸಿ, ಫೋನನ್ನು ಆಮೇಲೆ ನೋಡಿ ಎಂದರು. ಅಂಗಡಿ ಡಬ್ಬಿಯಿಂದ ಗ್ಯಾಸ್ ಸಿಲಿಂಡರಿಗೆ ಕೊಟ್ಟು, ಆಮೇಲೆ ಕರೆಂಟ್ ಬಿಲ್ಲಿಗೆ ಪರದಾಡುತ್ತಿದ್ದ ಅಕ್ಕ ತಲೆಯಾಡಿಸುತ್ತಲೇ ಇದ್ದಳು. ಊಟಕ್ಕೆ ಪಲಾವ್, ಮೊಸರನ್ನ ಕೊಟ್ಟರು. ಅಂದು ಸಂಜೆ ಅಕ್ಕ ಗಾಣಕ್ಕೆ ಹೋಗಿ ನೂರಕ್ಕನಿಗೆ ಎರಡು ಡಬ್ಬಿಯ ವಿಷಯ ಹೇಳಿದಳು. "ಅದನ್ನ ನಾನ್ ಹೋದ್ ವರ್ಷವೇ ಹೇಳಿದ್ನಲ್ಲೇ. ಫೀಸ್ ನಂಗೇ ಕೊಡ್ಬೋದಿತ್ತು," ಎಂದು ನೂರಕ್ಕ ನಕ್ಕಳು. ಅಕ್ಕನಿಗೆ ಆ ನಗು ಅಷ್ಟಾಗಿ ಹಿಡಿಸಲಿಲ್ಲ ಎಂದು ನನಗೆ ಕಂಡಿತು.

ಶನಿವಾರ ಟೆಂಪೊ ಟ್ರಾವೆಲರ್‌ನಲ್ಲಿ ತರೀಕೆರೆಗೆ ಹೊರಟೆವು. ಮೂವತ್ತೈದು ಕಿಲೋಮೀಟರ್ ಆಸುಪಾಸಿನ ದಾರಿ. ಬೀರೂರಿನಲ್ಲಿ ಟೀ, ಬಿಸಿ ವಡೆ. ಕೋಚ್ ಸರ್ ಮುಂದೆ ತಮ್ಮ ಕಾರಿನಲ್ಲಿ ಹೋಗುತ್ತಿದ್ದುದರಿಂದ ಟೆಂಪೊದಲ್ಲಿ ನನ್ನ ಕಾರುಬಾರು. "ಫ್ರೆಂಡ್ಸ್, ಈ ವಡೆಯಲ್ಲಿ ತೂತು ಯಾಕಿದೆ? ಯಾಕಂದ್ರೆ ನೀವು ಟಾರ್ಗೆಟ್ ಇಟ್ಟಿಲ್ಲ!" ಎಂದೆ, ದನಿಯನ್ನು ಅಟ್ಟಕ್ಕೇರಿಸಿ. ಡ್ರೈವರನೂ ನಕ್ಕ. ಅಕ್ಕ ನಗಲಿಲ್ಲ. "ಎಲ್ಲಾದ್ರಲ್ಲೂ ತಮಾಷೆ ಮಾಡೋರು ಎಲ್ಲೂ ಮುಟ್ಟಲ್ಲ ಕಣೋ," ಎಂದಳು. ತರೀಕೆರೆ ಮುಟ್ಟಿದಾಗ ಗಾಳಿಗೆ ಸ್ವಲ್ಪ ತಂಪು ಬಂದಿತ್ತು. ಕಲ್ಯಾಣ ಮಂಟಪದ ಬಾಗಿಲಲ್ಲಿ ಹಿಂದಿನ ಮದುವೆಯ ಬಾಳೆಕಂದು ಇನ್ನೂ ಒಣಗುತ್ತ ನಿಂತಿತ್ತು. ಅಲ್ಲಿ ಮೂರು ವರ್ಷದ ಹಿಂದೆ ನಾನು ಕಾರ್ಯಕ್ರಮ ಕೊಟ್ಟಿದ್ದೆ. ಯಾರೂ ಗುರುತಿಸಲಿಲ್ಲ. ಆಗಲೂ ಯಾರೂ ನೋಡಿರಲಿಲ್ಲ ಬಿಡಿ.

ಮಧ್ಯಾಹ್ನದ ಪಾಠಕ್ಕೆ 'ಬಿಡುಗಡೆ' ಎಂದು ಹೆಸರು. ನಿಮ್ಮನ್ನು ಕೆಳಕ್ಕೆ ಜಗ್ಗುತ್ತಿರುವ ಒಬ್ಬರು ಇದ್ದೇ ಇರುತ್ತಾರೆ, ಅವರನ್ನು ಬಿಡದೆ ನೀವು ಬೆಳೆಯುವುದಿಲ್ಲ ಎಂದು ಕೋಚ್ ಸರ್ ಬಹಳ ಹೊತ್ತು ಹೇಳಿದರು. ಹಿನ್ನೆಲೆಗೆ ಸ್ಪೀಕರಿನಿಂದ ವೀಣೆಯ ನಾದ ಬಂತು. ಕೆಲವರು ಕಣ್ಣೊರೆಸಿಕೊಂಡರು. ಆಮೇಲೆ, "ಈಗಲೇ ಫೋನ್ ತೆಗೀರಿ. ಸ್ಪೀಕರ್ ಆನ್ ಮಾಡಿ. ಧೈರ್ಯ ಇದ್ದೋರು ವೇದಿಕೆಗೆ ಬನ್ನಿ," ಎಂದರು. ಕುಮಾರಣ್ಣ ಹೋಗಿ ಭಾವಮೈದುನನಿಗೆ ಫೋನ್ ಹಚ್ಚಿದರು. ಆತ ಎತ್ತಲಿಲ್ಲ. "ಮನೆದೇವ್ರು ಕಾಪಾಡ್ದ," ಎನ್ನುತ್ತ ವಾಪಸು ಬಂದು ಕೂತರು. ಎರಡನೆಯವಳಾಗಿ ಅಕ್ಕ ಎದ್ದಳು. ನಾನು ಅವಳ ಸೆರಗು ಹಿಡಿದು, "ಯಾರಿಗೇ? ಬೇಡ ಕಣೇ," ಎಂದೆ. ಕೊಡವಿಕೊಂಡು ಹೋದಳು.

ನೂರಕ್ಕ ಮೊದಲ ರಿಂಗಿಗೇ ಎತ್ತಿದಳು. ಅವಳ ಹಿಂದೆ ಗಾಣದ ಗುರುಗುರು ಸದ್ದು ಮೈಕಿನಲ್ಲಿ ತುಂಬಿಕೊಂಡಿತು.

"ಸವೀ! ಊಟ ಆಯ್ತೇನೇ? ಏನ್ ಹಾಕಿದ್ರು? ಇಲ್ ಕೇಳು, ಎಮ್ಮೆದೊಡ್ಡಿ ಅಜ್ಜಿ ಬಂದೈತೆ, ಎರಡ್ ಚೀಲ. ಅವರ ಹಸು ಕರು ಹಾಕೈತಂತೆ, ಹೆಣ್ಗರು ಕಣೇ! ಗಿಣ್ಣ ತಂದು ನಿಂಗೂ ಒಂದ್ ಡಬ್ಬಿ ಇಟ್ಟೈತೆ. ಮಧು ನೋಡಿದ್ರೆ ಉಳಿಯಲ್ಲ, ಅವ್ನಿಗ್ ಹೇಳ್ಬೇಡ. ಆಮೇಲೆ ಆ ಅಜ್ಜಿ ಸೊಸೆ ಇಲ್ವಾ..."

ಸಭೆ ನಗತೊಡಗಿತು. ಕೋಚ್ ಸರ್ ತಮ್ಮ ಕೈಗಡಿಯಾರವನ್ನು ಬೆರಳಿನಿಂದ ತಟ್ಟಿ ಎಲ್ಲರಿಗೂ ತೋರಿಸಿದರು. ನಗು ಜೋರಾಯಿತು. ಅಕ್ಕನ ಮುಖ ಕೆಂಪೇರಿತು.

"ನೂರಿ, ನಾಳೆಯಿಂದ ನೀನು ಬರೋದು ಬೇಡ. ನಿನ್ನಿಂದ ನನ್ನ ಬೆಳವಣಿಗೆ ನಿಂತುಹೋಗಿದೆ. ನಾನು ನಿನ್ನನ್ನು ಬಿಡ್ತಾ ಇದೀನಿ!"

ಕೊನೆಯ ಮಾತು ಅಟ್ಟಕ್ಕೇರಿ ಅಲ್ಲೇ ನಿಂತಿತು. ಮಿಮಿಕ್ರಿ ಮಾಡುವವನು ಮನೆಗೆ ನಾನೊಬ್ಬನೇ ಅಂದುಕೊಂಡಿದ್ದೆ. ಅಂದು ಅಕ್ಕ ನನ್ನನ್ನು ಮೀರಿಸಿದಳು. ಕೋಚ್ ಸರ್ ದನಿ ಅಷ್ಟು ಪಕ್ಕಾ ನನಗೆ ಈಗಲೂ ಬರುವುದಿಲ್ಲ.

ಗಾಣ ಮಾತ್ರ ತಿರುಗುತ್ತಿತ್ತು. ಆಮೇಲೆ ನೂರಕ್ಕನ ದನಿ, ನಾನು ಎಂದೂ ಕೇಳಿರದಷ್ಟು ಸಣ್ಣಗೆ: "ಸರಿ ಕಣೇ. ಈ ಅಜ್ಜೀದು ಇಳಿಸಿ ಹೋಗ್ಲಾ, ಈಗ್ಲೇ ಹೋಗ್ಲಾ?"

ಅದರ ಉತ್ತರ ಯಾರಿಗೂ ಕೇಳಿಸಲಿಲ್ಲ. ಚಪ್ಪಾಳೆ ಬಿದ್ದುಬಿಟ್ಟಿತ್ತು.

ಆ ರಾತ್ರಿ ಮಂಟಪದಲ್ಲೇ ಮಲಗಿದೆವು, ಭಾನುವಾರ ಉಪ್ಪಿಟ್ಟು ತಿಂದು ಅಜ್ಜಂಪುರಕ್ಕೆ ಹೊರಟೆವು. ತೋಟಗಳ ಹಸಿರು ಕ್ರಮೇಣ ಹಿಂದೆ ಸರಿದು ನೆಲ ಕಪ್ಪಾಯಿತು, ಗಾಳಿ ಒಣಗಿತು. ಟೆಂಪೊದಲ್ಲಿ ಎಲ್ಲರೂ ಅಕ್ಕನನ್ನು ಮೇಡಂ ಎನ್ನತೊಡಗಿದ್ದರು. ಇಷ್ಟಗಲ ನಗುತ್ತಿದ್ದಳು. ಆದರೂ ಫೋನನ್ನು ಮತ್ತೆ ಮತ್ತೆ ತಿರುಗಿಸಿ ನೋಡುತ್ತಿದ್ದಳು. ದಿನಕ್ಕೆ ಹತ್ತಾರು ಸಲ ಬರುತ್ತಿದ್ದ ನೂರಕ್ಕನ ಫೋನು ಅಂದು ಬರಲಿಲ್ಲ.

ಅಜ್ಜಂಪುರದಲ್ಲಿ ಸಮಯದ ಪಾಠ. ನಿಮ್ಮ ಅಂಗಡಿಯಲ್ಲಿ ಹೊತ್ತು ಎಲ್ಲಿ ಸೋರುತ್ತಿದೆ ಎಂದು ಪ್ರತಿಯೊಬ್ಬರನ್ನೂ ಕೇಳಿದರು. ಅಕ್ಕ ಗಾಣದ ವಿವರ ಕೊಟ್ಟಳು. ಕೋಚ್ ಸರ್ ತಟ್ಟನೆ, "ಬೆಂಚು! ಮೊದಲು ಆ ಬೆಂಚು ತೆಗೀರಿ. ಚೀಲ ತಗೊಳ್ಳಿ, ಟೋಕನ್ ಕೊಡಿ, ಸಂಜೆ ಬಂದು ಎಣ್ಣೆ ಒಯ್ಯಲಿ. ದಿನಕ್ಕೆ ಎರಡರಷ್ಟು ಅರೀಬಹುದು," ಎಂದರು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಸರ್, ಅವರು ಹರಟೆಗೆ ಕೂರಲ್ಲ. ಕಣ್ಣೆದುರಿಗೇ ಅರೀಬೇಕು ಅಂತ ಕೂರ್ತಾರೆ. ಬೆಂಚು ತೆಗೆದ್ರೆ ಚೀಲನೂ ಬರಲ್ಲ," ಎಂದೆ.

"ಕಸ್ಟಮರ್ ಮೈಂಡ್‌ಸೆಟ್ ಬದಲಾಯಿಸೋನೇ ಉದ್ಯಮಿ. ಬ್ರದರ್, ನಿಮ್ಮ ಬಿಸಿನೆಸ್ ಏನು?"

"ಮಿಮಿಕ್ರಿ ಸರ್."

"ಎಲ್ಲರ ದನಿ ಮಾಡ್ತೀರಾ. ನಿಮ್ಮ ದನಿ ಯಾವುದು ಬ್ರದರ್?"

ಸಭೆ ಹೋ ಎಂದಿತು. ನನ್ನ ಬಾಯಲ್ಲಿ ಊರಿನ ಅರ್ಧ ಜನ ಇದ್ದಾರೆ, ಆ ಹೊತ್ತಿಗೆ ಒಬ್ಬನೂ ಬರಲಿಲ್ಲ. ಕೂತೆ. ಅಕ್ಕ ನನ್ನ ಕಡೆ ತಿರುಗಲೂ ಇಲ್ಲ.

ಊಟದ ಬಿಡುವಿನಲ್ಲಿ ಹೊರಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದೆ. ಕೋಚ್ ಸರ್ ಕೋಟು ಬಿಚ್ಚಿ ಪಕ್ಕಕ್ಕೆ ಬಂದು ನಿಂತರು. ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಮೈಕಿಲ್ಲದಾಗ ಅವರ ದನಿ ಅಟ್ಟ ಹತ್ತುತ್ತಿರಲಿಲ್ಲ. "ಬೇಜಾರಾಗ್ಬೇಡಿ ಬ್ರದರ್," ಎಂದು ಒಂದು ಬಜ್ಜಿ ತೆಗೆದುಕೊಂಡರು.

"ಸರ್, ಇದಕ್ಕೆ ಮುಂಚೆ ಯಾವ ಬಿಸಿನೆಸ್ ಮಾಡ್ತಿದ್ರಿ?" ಎಂದೆ.

"ಇದೇ," ಎಂದರು. "ಮೊದ್ಲಿಂದ್ಲೂ ಇದೇ."

ಕುಮಾರಣ್ಣ ಹಿಂದಿನಿಂದ, "ಅದ್ಕೇ ಸರ್, ನಿಮ್ ಗಾಣದಾಗೆ ನಮ್ ಕೊಬ್ರಿ," ಎಂದರು. ಕೋಚ್ ಸರ್ ನಗುತ್ತ ಬಜ್ಜಿ ಮುಗಿಸಿದರು. ಅವರಿಗೆ ಸಿಟ್ಟು ಬರಲಿಲ್ಲ, ಅದೊಂದು ನನ್ನ ಹೊಟ್ಟೆ ಉರಿಸಿತು.

ಸಮಾರೋಪದಲ್ಲಿ ಅಕ್ಕನಿಗೆ ಧೈರ್ಯವಂತ ಉದ್ಯಮಿ ಎಂದು ಗಾಜಿನ ಫಲಕ ಕೊಟ್ಟರು. ವಾಪಸು ಬರುವ ಟೆಂಪೊ ಫೀಸಿನಲ್ಲಿ ಸೇರಿರಲಿಲ್ಲ. ಪ್ಯಾಸೆಂಜರ್ ರೈಲು ಹತ್ತಿದೆವು. ಟಿಕೆಟ್ಟು ಬಸ್ಸಿಗಿಂತ ಅಗ್ಗವೆಂದು ನಾನು ಹಿಗ್ಗಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಎಂದು ಅಕ್ಕ ನೆನಪಿಸಿದಳು. ಫಲಕವನ್ನು ತೊಡೆಯ ಮೇಲಿಟ್ಟುಕೊಂಡು ಬೀರೂರಿನವರೆಗೂ ಕಿಟಕಿ ನೋಡುತ್ತಿದ್ದಳು. "ಗಿಣ್ಣ ಕೆಟ್ಟು ಹೋಗಿರ್ತದೆ ಅಲ್ವೇನೋ?" ಎಂದು ಒಮ್ಮೆ ಕೇಳಿದಳು. "ನೂರಕ್ಕಂಗೆ ಫೋನ್ ಮಾಡಿ ಕೇಳು," ಎಂದೆ. ಮತ್ತೆ ಕಿಟಕಿಗೆ ತಿರುಗಿದಳು.

ಸೋಮವಾರ ಬೆಳಿಗ್ಗೆ ಶೆಡ್ಡು ಗುಡಿಸಿದ್ದು ಕಂಡಿತು. ಡ್ರಮ್ಮಿನ ಮೇಲೆ ಗಿಣ್ಣದ ಡಬ್ಬಿ ಇತ್ತು, ಹುಳಿ ವಾಸನೆ ಹೊಡೆಯುತ್ತಿತ್ತು. ಅಕ್ಕ ಬೆಂಚನ್ನು ನನ್ನ ಕೈಯಲ್ಲಿ ಹೊರಗಿಡಿಸಿ, ರಟ್ಟಿನಲ್ಲಿ ಟೋಕನ್ ಕತ್ತರಿಸಿ ಕೂತಳು. ಮೊದಲಿಗೆ ಬಂದದ್ದು ಎಮ್ಮೆದೊಡ್ಡಿಯ ಅಜ್ಜಿಯೇ. ಮಗಳ ಮನೆಯವರ ಒಂದು ಚೀಲ ಹೊತ್ತು ಮೊದಲ ಬಸ್ಸಿಗೆ ಬಂದಿತ್ತು. ಸೊಂಟಕ್ಕೆ ಕೈಕೊಟ್ಟು ನಿಂತು ಒಳಗೆ ಇಣುಕಿತು.

"ನೂರಮ್ಮ ಎಲ್ಲವ್ವ?"

"ಇನ್ಮೇಲೆ ಬರಲ್ಲ ಅಜ್ಜಿ. ಚೀಲ ಇಟ್ಟು ಟೋಕನ್ ತಗೊಂಡ್ ಹೋಗಿ. ಸಂಜೆ ಬಂದು ಎಣ್ಣೆ ಒಯ್ಯಿರಿ."

"ಇಟ್ ಹೋಗಾದಾ? ಕೂರಾಕಿಲ್ವಾ?"

"ಇಲ್ಲ ಅಜ್ಜಿ, ಹೊಸ ಪದ್ಧತಿ."

ಅಜ್ಜಿ ಟೋಕನನ್ನು ತಿರುಗಿಸಿ ನೋಡಿ ಅಕ್ಕನ ಕೈಗೇ ವಾಪಸು ಇಟ್ಟಿತು. "ನೀನ್ ಒಳ್ಳೇಳೇ ಇರ್ಬೋದು ಕಣವ್ವ. ಆದ್ರೆ ನಿನ್ ಮಕ ನಾನ್ ಯಾವತ್ತು ನೋಡಿವ್ನಿ? ನಾನ್ ಕುಂತ್ಕಂಡ್ ನೋಡ್ತಿದ್ದುದ್ದು ನೂರಮ್ಮನ್ನ," ಎಂದು ಚೀಲ ಎತ್ತಲು ನನ್ನನ್ನೇ ಕರೆಯಿತು. ಎತ್ತಿ ಅದರ ತಲೆಯ ಮೇಲಿಟ್ಟೆ. ಆಮೇಲೆ ಬಂದ ಇಬ್ಬರೂ ಹಾಗೆಯೇ ಹೊರಗಿನ ಬೆಂಚನ್ನು ನೋಡಿ, ಒಳಗೆ ನೋಡಿ, ಹೋದರು.

ಅಕ್ಕ ಎಷ್ಟೋ ಹೊತ್ತು ಗಾಜಿನ ಫಲಕವನ್ನು ಸೆರಗಿನಿಂದ ಒರೆಸುತ್ತ ಕೂತಳು. "ನೂರಿ ಹತ್ರ ಇನ್ನೊಂದ್ ಕೀ ಇದೆ. ಇಸ್ಕೊಂಡ್ ಬಾ," ಎಂದಳು. ನಾನು ಹೊಸ್ತಿಲು ದಾಟುವಾಗ ಮತ್ತೆ, "ಕೀ ಮಾತ್ರ," ಎಂದಳು. ನಾಲ್ಕು ಹೆಜ್ಜೆ ಹೋದ ಮೇಲೆ ಹಿಂದಿನಿಂದ ಕೂಗಿ, "ಕೀ ಮಾತ್ರ ಕಣೋ," ಎಂದಳು.

ಯಾತ್ರೆಯ ಕೊನೆಯ ನಿಲ್ದಾಣ ಹಿಂದಿನ ಗಲ್ಲಿ. ನೂರಕ್ಕ ನಡುಮನೆಯಲ್ಲಿ ಗೋಡೆಗೊರಗಿ ಅವರೆಕಾಳು ಸುಲಿಯುತ್ತಿದ್ದಳು. "ಬಾರೋ ಉದ್ಯಮಿ," ಎಂದಳು. ಕೇಳುವ ಮೊದಲೇ ಗೂಟದಿಂದ ಕೀ ತೆಗೆದು ನನ್ನ ಮುಂದಿಟ್ಟಳು. ನಾನು ಬೆಂಚಿನ ವಿಷಯ, ಅಜ್ಜಿಯ ವಿಷಯ ಹೇಳಿದೆ. "ನೀನೇ ಬಂದ್ಬಿಡು ನೂರಕ್ಕ. ಅವಳಿಗೆ ಕರೆಯೋಕೆ ಬಾಯ್ ಬರ್ತಿಲ್ಲ ಅಷ್ಟೇ," ಎಂದೆ.

"ಬಿಡೋಕ್ ಮಾತ್ರ ಬಂತಲ್ಲ, ಅದೂ ಮೈಕಲ್ಲಿ," ಎಂದು ಸಿಪ್ಪೆ ಕೊಡವಿದಳು. "ನಕ್ಕಿದ್ದು ಕೇಳಿಸ್ತು ಕಣೋ. ಚಪ್ಪಾಳೇನೂ ಕೇಳಿಸ್ತು. ಅಜ್ಜಿ ಅಲ್ಲೇ ಬೆಂಚ್ ಮೇಲೆ ಕೂತಿತ್ತು, ಅದಕ್ಕೂ ಕೇಳಿಸ್ತು. ಸವಿ ತಮಾಷೆ ಮಾಡ್ತಾಳೆ ಅಂದೆ ಅದಕ್ಕೆ." ಆಮೇಲೆ ಮುಖ ಎತ್ತಿ, "ಇರ್ಲಿ. ಆ ಸಾರ್ ದನಿ ಮಾಡಿ ತೋರಿಸ್ಬೇಕು ಅಂದಿದ್ನಲ್ಲ. ಮಾಡು," ಎಂದಳು.

ಮಾಡಿದೆ. ವಡೆಯ ತೂತು, ಕನ್ನಡಿ, ಟಾರ್ಗೆಟ್ಟು ಎಲ್ಲವನ್ನೂ ಮಾಡಿದೆ. ನೂರಕ್ಕ ಅವರೆಕಾಳು ಚೆಲ್ಲುವಷ್ಟು ನಕ್ಕಳು. ನಕ್ಕು ಕಣ್ಣೊರೆಸಿಕೊಂಡು, "ಈಗ ನಿಮ್ಮಕ್ಕಂದು ಮಾಡು. ಫೋನಲ್ಲಿ ಮಾತಾಡಿದ್ದಲ್ಲ. ಅವಳದು," ಎಂದಳು.

ದಿನಾ ಬೆಳಿಗ್ಗೆ ಮೊದಲ ಚೀಲ ಗಾಣಕ್ಕೆ ಸುರಿದು ಅಕ್ಕ ಕೂಗುತ್ತಿದ್ದುದು ಒಂದೇ ಮಾತು. ಅದನ್ನೇ ಕೂಗಿದೆ. "ನೂರೀ, ಸ್ವಿಚ್ ಹಾಕೇ!"

ಅವಳ ಕೈ ತಾನಾಗಿ ಎದ್ದು ತಲೆಯ ಪಕ್ಕದ ಗೋಡೆಗೆ ಹೋಯಿತು. ಬೆರಳು ಸ್ವಿಚ್ಚಿಗೆ ಸಿಕ್ಕಿತು, ಒತ್ತಿತು. ಹಟ್ಟಹಗಲಿನಲ್ಲಿ ನಡುಮನೆಯ ಬಲ್ಬು ಹೊತ್ತಿಕೊಂಡಿತು. ಇಬ್ಬರೂ ತಲೆಯೆತ್ತಿ ಅದನ್ನೇ ನೋಡಿದೆವು. ನಾನು ನಗಲು ಹೋದೆ, ಅವಳು ನಗಲಿಲ್ಲ.

"ಕೀ ತಗೊಂಡ್ ಹೋಗೋ," ಎಂದಳು.

ಗಲ್ಲಿಯ ತಿರುವಿನಲ್ಲಿ ನಿಂತು ಹಿಂದಿರುಗಿ ನೋಡಿದೆ. ಬಾಗಿಲು ತೆರೆದೇ ಇತ್ತು. ಅವಳು ಬಗ್ಗಿ ಚೆಲ್ಲಿದ ಅವರೆಕಾಳು ಆಯುತ್ತಿದ್ದಳು. ಮೇಲೆ ಬಲ್ಬು ಉರಿಯುತ್ತಲೇ ಇತ್ತು. ಅದನ್ನು ಆರಿಸಲು ಅವಳು ಕೈ ಎತ್ತಲಿಲ್ಲ.