ಒಂಬತ್ತನೇ ಡಬ್ಬಿಯ ಗೆಣಸು

೨೦೦೪ರಲ್ಲಿ ನಾನು ಮೈಸೂರಿನ ಒಂದು ಆಹಾರ ಪ್ರಯೋಗಾಲಯದಲ್ಲಿ ಮೈಕ್ರೋಬಯಾಲಜಿಸ್ಟ್ ಆಗಿದ್ದೆ. ಗೆಣಸು ತಿಂದವರ ಕರುಳಿನ ಬ್ಯಾಕ್ಟೀರಿಯಾ ಹೇಗೆ ಬದಲಾಗುತ್ತವೆಂದು ತಾಳವಾಡಿ ಬೆಟ್ಟದ ಜೀರಹಳ್ಳಿಯಲ್ಲಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಗೆಡ್ಡೆಗಳಲ್ಲಿರುವ ಪಾಲಿಸ್ಯಾಕರೈಡ್, ಅಂದರೆ ಸಕ್ಕರೆಯ ಕಣಗಳು ಸರಪಳಿಯಾಗಿ ಕೂಡಿದ ಪದಾರ್ಥ, ಪೂರ್ತಿ ನಮಗೆ ಜೀರ್ಣವಾಗುವುದಿಲ್ಲ. ಉಳಿದದ್ದು ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ. ಬೇಯಿಸಿ ತಣ್ಣಗೆ ಆರಿಸಿದ ಗೆಣಸಿನಲ್ಲಿ ಈ ಜೀರ್ಣವಾಗದ ಭಾಗ ಹೆಚ್ಚು.

ಹನ್ನೆರಡು ಮಂದಿ ಕೂಲಿ ಹೆಂಗಸರನ್ನು ಆರಿಸಿಕೊಂಡೆವು. ಆರು ಮಂದಿಗೆ ಮೂರು ವಾರ ಗೆಣಸು, ಉಳಿದವರಿಗೆ ಮಾಮೂಲಿ ಊಟ. ಬೆಳಿಗ್ಗೆ ಬೇಯಿಸಿ, ಮಧ್ಯಾಹ್ನ ಚೆನ್ನಾಗಿ ಆರಿದ ಮೇಲೆ ತಿನ್ನಿ ಎಂದು ಹೇಳಿದ್ದೆ. ಮಲದ ಸ್ಯಾಂಪಲ್ ಕೇಳಿದಾಗ ಊರು ನಮ್ಮನ್ನು ಕಳ್ಳರಂತೆ ನೋಡಿತು. ಮಾಟಕ್ಕೆ ಒಯ್ಯುತ್ತಾರೆಂಬ ಮಾತೂ ಹಬ್ಬಿತು. ನಮ್ಮ ಫೀಲ್ಡ್ ಅಸಿಸ್ಟೆಂಟ್ ಮಾದಪ್ಪ ಅದೇ ಊರಿನವನು. ಮನೆಮನೆಗೆ ಹೋಗಿ ಒಪ್ಪಿಸಿದ. ಡಬ್ಬಿಗಳಿಗೆ ನಂಬರ್ ಚೀಟಿ ಅಂಟಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಿದ್ದವನೂ ಅವನೇ.

ಫಲಿತಾಂಶ ನೋಡಿ ತಲೆ ಕೆಟ್ಟಿತು. ಗೆಣಸಿನ ಗುಂಪಿನವರಲ್ಲಿ, ಗೆಣಸು ತಿಂದರೆ ಹೆಚ್ಚಬೇಕಾದ ಬೈಫಿಡೊ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಏರಿದ್ದು ಅಷ್ಟಕ್ಕಷ್ಟೆ. ಮಾಮೂಲಿ ಊಟದ ಗುಂಪಿನ ಚಿಕ್ಕತಾಯಿ ಎಂಬವಳ ಒಂಬತ್ತನೇ ಡಬ್ಬಿಯಲ್ಲಿ ಎಲ್ಲರಿಗಿಂತ ಹೆಚ್ಚು. ನನ್ನದು ಮೊದಲಿನಿಂದಲೂ ಅನುಮಾನದ ಬುದ್ಧಿ. ಮಾದಪ್ಪ ಚೀಟಿ ಅದಲುಬದಲು ಮಾಡಿದ್ದಾನೆ, ಇಲ್ಲವೇ ಒಬ್ಬಳದನ್ನೇ ನಾಲ್ಕು ಡಬ್ಬಿಗೆ ತುಂಬಿದ್ದಾನೆ ಎಂದುಕೊಂಡೆ. ಅವನನ್ನೇ ಕೇಳಿದೆ.

"ಸರಿಯಾಗೇ ಅಂಟ್ಸಿವ್ನಿ, ಮೇಡಮ್ಮೋರೆ," ಎಂದ.

ಅಷ್ಟೇ ಹೇಳಿ, ಮುಖ ತಿರುಗಿಸಿ ಐಸ್ ಪೆಟ್ಟಿಗೆ ಒರೆಸತೊಡಗಿದ. ಅದೂ ನನಗೆ ಕಳ್ಳತನದಂತೆಯೇ ಕಂಡಿತು. ಅವನನ್ನು ತೆಗೆಯಿರೆಂದು ಅಂದೇ ಮೇಲಿನವರಿಗೆ ಬರೆದೆ, ವಾರದೊಳಗೆ ತೆಗೆದರು.

ಪ್ರಯೋಗವನ್ನು ಮತ್ತೆ ಶುರುಮಾಡಿಸಿ, ಕಣ್ಣಾರೆ ನೋಡೋಣವೆಂದು ನಾನೇ ಹೋದೆ. ಮಧ್ಯಾಹ್ನ ಬೀಟ್‌ರೂಟ್ ಹೊಲದ ಬದುವಿನಲ್ಲಿ ಹೆಂಗಸರು ಊಟಕ್ಕೆ ಕೂತಿದ್ದರು. ಗೆಣಸಿನವರಲ್ಲಿ ಒಬ್ಬಳಾದ ಪುಟ್ಟಮ್ಮ ಬುತ್ತಿ ಬಿಚ್ಚಿ, ದೊಡ್ಡ ತುಂಡನ್ನು ಕೈಗೂಸಿನ ತಾಯಿ ಚಿಕ್ಕತಾಯಿಗೆ ಕೊಟ್ಟಳು. ಉಳಿದ ಐವರೂ ಹಾಗೇ ಮಾಡಿದರು. ಮಿಕ್ಕದ್ದು ಗುಂಪಿಗೆಲ್ಲ ಹಂಚಿಹೋಯಿತು. ನಿಮಗೆ ಕೊಟ್ಟದ್ದನ್ನು ಹೀಗೇಕೆ ಮಾಡುತ್ತೀರಿ ಎಂದು ಕೇಳಿದೆ.

"ಆಲ್ಕುಡ್ಸೋಳು ಎದುರ್ಗೆ ಕುಂತವ್ಳೆ. ಅವ್ಳಿಗೆ ಕೊಡ್ದೆ ತಿಂದ್ರೆ ಗಂಟ್ಲಲ್ಲಿ ಇಳ್ದದಾ?" ಎಂದಳು ಪುಟ್ಟಮ್ಮ.

ಆರಿಸಿ ತಿನ್ನಿ ಎಂದು ಗೆಣಸನ್ನು ಹೊಲಕ್ಕೆ ಕಳಿಸಿದವಳು ನಾನೇ. ಮನೆಯಲ್ಲಿ ತಿಂದಿದ್ದರೆ ಅವರವರ ಹೊಟ್ಟೆಗೇ ಹೋಗುತ್ತಿತ್ತು. ನಾಚಿಕೆಯಿಂದ ನೇರ ಮಾದಪ್ಪನ ಮನೆಗೆ ಹೋಗಿ, ತಪ್ಪಾಯಿತು, ಮೇಲಿನವರಿಗೆ ಕಾಗದ ಬರೆದು ಕೆಲಸ ಮತ್ತೆ ಕೊಡಿಸುತ್ತೇನೆ ಎಂದೆ.

"ಕೆಲ್ಸ ಓಗ್ಲಿ ಬುಡಿ," ಎಂದ. "ನನ್ ಮಾತ್ ನಂಬಿ ಕೊಟ್ಟೋರು, ಈಗ ನನ್ನೇ ಮೋಸ್ಗಾರ ಅಂತಾವ್ರೆ. ಅದ್ಕೆ ಯಾರ್ಗೆ ಕಾಗ್ದ ಬರ್ದೀರಿ?"

ಹನ್ನೆರಡು ಮನೆಗೂ ಹೋಗಿ ಅವನದೇನೂ ತಪ್ಪಿಲ್ಲವೆಂದು ಹೇಳಿದೆ. ಎಲ್ಲರೂ ಕೇಳಿಸಿಕೊಂಡರು, ಸ್ಯಾಂಪಲ್ ಮಾತ್ರ ಮತ್ತೆ ಯಾರೂ ಕೊಡಲಿಲ್ಲ. ಮಾದಪ್ಪನೂ ಕೆಲಸಕ್ಕೆ ಬರಲಿಲ್ಲ. ಅನುಮಾನ ನನ್ನ ಕಸುಬಿಗೆ ಬೇಕೇ ಬೇಕು. ಅದನ್ನು ಮೊದಲು ನನ್ನ ಮೇಲೆ ಪಡಬೇಕೆಂದು ಕಲಿತೆ, ಮತ್ತೊಬ್ಬನ ಮರ್ಯಾದೆ ಕಳೆದ ಮೇಲೆ.