ಜಾವಾದ ಹಳ್ಳಿಯಲ್ಲಿ ಇದಿನಬ್ಬರ ತೋಟ

ಸೌದಿಯ ಜಿದ್ದಾದ ಶರಫಿಯಾ ಪೇಟೆಯಲ್ಲಿ ನನ್ನ ರೂಮಿನಲ್ಲಿದ್ದ ಇದಿನಬ್ಬ ಒಬ್ಬ ಅರಬನ ಮನೆಯಲ್ಲಿ ಅಡುಗೆಗಿದ್ದರು. ಅದೇ ಮನೆಯ ಡ್ರೈವರ್ ಸ್ಲಾಮೆತ್ ಇಂಡೋನೇಷ್ಯಾದ ಜಾವಾದವನು. ಅವನ ಹಳ್ಳಿಯ ಮಳೆ, ತೆಂಗು, ಕೆಂಪು ಮಣ್ಣು ಎಲ್ಲ ನಮ್ಮ ಬಂಟ್ವಾಳದಂತೆಯೇ ಎಂದು ಕೇಳಿ ಕೇಳಿ ಇವರು ಮರುಳಾದರು. ೧೯೮೩ರಲ್ಲಿ ಅಲ್ಲೊಂದು ಲವಂಗದ ತೋಟ ಕೊಂಡೇಬಿಟ್ಟರು. ಪರದೇಶದವರ ಹೆಸರಿಗೆ ಜಾಗ ಆಗುವುದಿಲ್ಲವೆಂದು ಕಾಗದಪತ್ರವೆಲ್ಲ ಸ್ಲಾಮೆತ್‌ನ ಅಣ್ಣನ ಹೆಸರಿನಲ್ಲಾಯಿತು.

"ಇಲ್ಲಿಂದ ಬಿಟ್ಟರೆ ಹೆಂಡತಿಯನ್ನು ಕರ್ಕೊಂಡು ಅಲ್ಲೇ ಹೋಗಿ ಇರುವುದು ಮಾರಾಯ," ಎನ್ನುತ್ತಿದ್ದರು.

ಮೂರು ವರ್ಷದ ನಂತರ ರಜೆ ಮುಗಿಸಿ ಬಂದ ಸ್ಲಾಮೆತ್ ನಗುನಗುತ್ತಾ ಒಂದು ಫೋಟೋ ಕೊಟ್ಟ. ತೋಟವಿದ್ದಲ್ಲಿ ಹೊಸ ಮಸೀದಿ, ಬಾಗಿಲ ಮೇಲೆ ಇದಿನಬ್ಬರ ಹೆಸರು. ಮಕ್ಕಾದ ಪಕ್ಕದಲ್ಲೇ ಇರುವ ಹಾಜಿ ಜಾಗ ಕೊಂಡದ್ದು ಇನ್ನೇತಕ್ಕೆ ಎಂದು ಹಳ್ಳಿಯವರೇ ತೀರ್ಮಾನಿಸಿದ್ದರು. ದಿನವೂ ಅವರಿಗಾಗಿ ದುವಾ ಮಾಡುತ್ತಾರಂತೆ.

ಕಂಡವರ ತೋಟದಲ್ಲಿ ಆ ಹಳ್ಳಿಯವರಿಗೆಂಥ ಪುಣ್ಯ! ನನಗೆ ಸಿಟ್ಟು ನೆತ್ತಿಗೇರಿತು. "ಕಾಕ, ನೀವು ಕೇಳುವುದಲ್ವಾ? ಸುಮ್ಮನೆ ಕೂತದ್ದು ಎಂತಕ್ಕೆ?"

"ಎಂತ ಕೇಳುವುದು? ಮಸೀದಿ ಕೆಡವಿ ಅಂತ ಹೇಳ್ಲಿಕ್ಕೆ ಆಗ್ತದಾ?"

ಶುಕ್ರವಾರ ನಮ್ಮೂರಿನವರೆಲ್ಲ ರೂಮಿಗೆ ಬಂದು, ಅವರ ಕೈ ಹಿಡಿದು ಮಾಶಾ ಅಲ್ಲಾ ಎಂದರು. ಇದಿನಬ್ಬ ಎಲ್ಲರಿಗೂ ಚಹಾ ಕೊಟ್ಟರು.

ಬಂದವರೆಲ್ಲ ಹೋದ ಮೇಲೆ ಇದಿನಬ್ಬ ಫೋಟೋದ ಮೂಲೆಯಲ್ಲಿ ಉಳಿದಿದ್ದ ಎರಡು ಲವಂಗದ ಮರಗಳನ್ನು ನನಗೆ ತೋರಿಸಿದರು. ಅವುಗಳ ನಡುವಿನ ಜಾಗವನ್ನು ಹಳ್ಳಿಯವರು ಬೇಲಿ ಹಾಕಿ ಇವರಿಗೆಂದೇ ಬಿಟ್ಟಿದ್ದಾರಂತೆ.

"ಮನೆ ಕಟ್ಲಿಕ್ಕಾ?" ಎಂದೆ.

"ಅಲ್ಲ. ನನ್ನನ್ನು ದಫನ ಮಾಡ್ಲಿಕ್ಕೆ."